ಮಲ್ಟಿ ಏಜೆಂಟ್ ಎಐ: ಒಂದು ಜ್ವರದ ಬಗ್ಗೆ ನಾಲ್ಕು ಎಐ ವಾದ ಮಾಡೋದು

ಮಲ್ಟಿ ಏಜೆಂಟ್ ಅನ್ನೋ ಪದ ಈಗ ಎಐ ಸುದ್ದೀಲೆಲ್ಲ ಕಾಣ್ಸುತ್ತೆ. ಕಾಯಿಲೆ ಪತ್ತೆ ಮಾಡೋ ವಿಷ್ಯದಲ್ಲಿ ಇದ್ರ ಅರ್ಥ ಇಷ್ಟೇ, ಒಂದು ಎಐ ಹೇಳಿದ್ದನ್ನೇ ನಂಬ್ಕೊಂಡು ಕೂರೋ ಬದ್ಲು ಮೂರ್ನಾಲ್ಕು ಎಐಗೆ ಒಂದೊಂದು ಕೆಲ್ಸ ಹಂಚಿ ಒಬ್ರೇ ಪೇಶೆಂಟ್ ಬಗ್ಗೆ ವಾದ ಮಾಡ್ಸೋದು.

ನಮ್ಮ ಕೊಪ್ಪದ ಕಡೆಯ ಉದಾಹರಣೆ ತಗೊಳ್ಳಿ. ಫೆಬ್ರವರಿ ತಿಂಗ್ಳು, ತೋಟದ ಕೆಲ್ಸದವ್ರೊಬ್ರಿಗೆ ನಾಲ್ಕು ದಿನದಿಂದ ಸುಡೋ ಜ್ವರ, ತಲೆನೋವು, ಮೈಕೈ ನೋವು, ಪ್ಲೇಟ್ಲೆಟ್ ಬೇರೆ ಕಮ್ಮಿ. ಇಷ್ಟೇ ನೋಡಿ ಮೊದಲ್ನೇ ಎಐ ಡೆಂಗಿ ಇರ್ಬಹುದು ಅನ್ನುತ್ತೆ, ಲಕ್ಷಣ ಹಂಗೇ ಇದೆಯಲ್ಲ. ಆದ್ರೆ ಎರಡ್ನೇದಕ್ಕೆ ಕೊಟ್ಟಿರೋ ಕೆಲ್ಸಾನೇ ತಕರಾರು ತೆಗೆಯೋದು, ಅದು ಕೇಳುತ್ತೆ: ಕೊಟ್ಟಿಗೆಗೆ ತರಗೆಲೆ ತರಕ್ಕೆ ಕಾಡಿಗೆ ಹೋಗಿದ್ರಾ, ಉಣುಗು ಹತ್ರ ಬರ್ದಂಗೆ ಹಚ್ಕೊಳ್ಳೋ ಡೆಪಾ ಎಣ್ಣೆ ಹಚ್ಕೊಂಡಿದ್ರಾ, ಕಾಲಿಗೆ ಉಣುಗು ಕಚ್ಚಿತ್ತಾ, ಸುತ್ತಮುತ್ತ ಮಂಗ ಸತ್ತು ಬಿದ್ದಿತ್ತಾ? ಯಾಕಂದ್ರೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಮೊದ್ಲು ಗೊತ್ತಾದ, ಉಣುಗು ಕಚ್ಚಿ ಹರಡೋ ಮಂಗನ ಕಾಯಿಲೇಲೂ ಪ್ಲೇಟ್ಲೆಟ್ ಇಳಿಯುತ್ತೆ, ಡಿಸೆಂಬರಿಂದ ಮೇ ತನಕದ ತಿಂಗ್ಳುಗಳೇ ಅದ್ರ ಕಾಲ. ಆಗ ಮೂರ್ನೇದು ಡೆಂಗಿ ಟೆಸ್ಟ್ ಜೊತೆಗೆ ಮಂಗನ ಕಾಯಿಲೆ ವೈರಸ್ ಹುಡುಕೋ ಆರ್‌ಟಿ ಪಿಸಿಆರ್‌ಗೂ ರಕ್ತ ಕಳ್ಸಿ ಅನ್ನುತ್ತೆ, ನಾಲ್ಕ್ನೇದು ಬೇಡದ ಟೆಸ್ಟ್ ತೆಗ್ದು ಖರ್ಚು ಇಳ್ಸುತ್ತೆ. ನನಗಂತೂ ಇದ್ರಲ್ಲಿ ಜೀವ ಇರೋದು ಆ ತಕರಾರಿನವನಲ್ಲೇ ಅನ್ಸುತ್ತೆ.

2025ರಲ್ಲಿ ಮೈಕ್ರೋಸಾಫ್ಟ್ ತೋರ್ಸಿದ ಎಂಎಐ ಡಿಎಕ್ಸ್‌ಒ ಅನ್ನೋ ಎಐ ವ್ಯವಸ್ಥೆ ಇದೇ ಥರದ್ದು, ಅದ್ರಲ್ಲಿ ಒಂದೇ ಎಐ ಮಾಡೆಲ್ ಐದು ಡಾಕ್ಟ್ರ ಪಾತ್ರ ಹಾಕುತ್ತೆ. ಮೆಡಿಕಲ್ ಪತ್ರಿಕೇಲಿ ಬಂದಿದ್ದ 304 ಕಷ್ಟದ ಕೇಸ್ ಕೊಟ್ಟಾಗ ಶೇ. 85.5ರಷ್ಟು ಸರಿ ಹೇಳ್ತು, ಡಾಕ್ಟ್ರುಗಳು ಸುಮಾರು ಶೇ. 20. ಇದನ್ನ ಕೇಳಿ ಡಾಕ್ಟ್ರು ಬೇಡ ಅಂದ್ಕೋಬೇಡಿ ದಯವಿಟ್ಟು, ಆ ಡಾಕ್ಟ್ರುಗಳಿಗೆ ಪುಸ್ತಕ ನೋಡಕ್ಕಾಗ್ಲಿ ಜೊತೆಯವ್ರನ್ನ ಕೇಳಕ್ಕಾಗ್ಲಿ ಬಿಟ್ಟಿರ್ಲಿಲ್ಲ, ದಿನಾ ಬರೋ ಮಾಮೂಲಿ ಕಾಯಿಲೆಗಳೂ ಅದ್ರಲ್ಲಿ ಇರ್ಲಿಲ್ಲ.

ಇನ್ನೊಂದು ತೊಡಕಿದೆ. ಐದು ಪಾತ್ರಾನೂ ಒಂದೇ ಮಾಡೆಲ್ ಆಗಿದ್ರೆ ಒಂದಕ್ಕೆ ಗೊತ್ತಿಲ್ಲದ್ದು ಐದಕ್ಕೂ ಗೊತ್ತಿರಲ್ಲ, ಎಲ್ಲಾ ಸೇರಿ ಹೌದೌದು ಅಂತ ಡೆಂಗಿಗೇ ತಲೆ ಆಡಿಸ್ಬಹುದು. ಅದಕ್ಕೇ ಬೇರೆ ಬೇರೆ ಕಂಪ್ನಿ ಮಾಡೆಲ್ ಸೇರ್ಸಿ ನೋಡೋರೂ ಇದಾರೆ. ಹಂಗೆ ಸೇರ್ಸಿದ್ರೂ ಕಾಡಿಗೆ ಹೋಗಿದ್ದು, ಮಂಗ ಸತ್ತಿದ್ದು ಲ್ಯಾಬ್ ರಿಪೋರ್ಟಲ್ಲಿ ಬರಲ್ಲ, ಅದನ್ನ ಆಶಾ ಕಾರ್ಯಕರ್ತೆನೋ ನರ್ಸೋ ಪೇಶೆಂಟ್ ಪಕ್ಕ ಕೂತು, ಏನಣ್ಣ, ಹೋದ್ವಾರ ಗುಡ್ಡಕ್ಕೆ ಹೋಗಿದ್ರಾ ಅಂತ ಕೇಳಿ ಬರ್ಕೋಬೇಕು.