ಹುಡುಕಿದ್ದು ಕರೆಂಟ್ ಮಹಿಮೆ, ಸಿಕ್ಕಿದ್ದು ಕ್ಯಾನ್ಸರ್ ಔಷಧಿ

ಅಕಸ್ಮಾತ್ತಾಗಿ ಸಿಕ್ಕ ಔಷಧಿ ಅಂದರೆ ಸಾಕು, ಫ್ಲೆಮಿಂಗ್, ಬೂಷ್ಟು, ಪೆನಿಸಿಲಿನ್ ಅಂತ ಶುರುವಾಗುತ್ತದೆ. ಒಳ್ಳೇ ಕಥೆ, ಆದರೆ ಹೇಳಿ ಹೇಳಿ ಸವೆದಿದೆ. ನನಗೆ ಅದಕ್ಕಿಂತ ಜಾಸ್ತಿ ಇಷ್ಟ ಸಿಸ್‌ಪ್ಲಾಟಿನ್ ಅನ್ನೋ ಕ್ಯಾನ್ಸರ್ ಔಷಧಿಯ ಕಥೆ.

ಬಾರ್ನೆಟ್ ರೋಸೆನ್‌ಬರ್ಗ್ ಅಮೆರಿಕದ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿದ್ದರು. ಓದಿದ್ದು ಭೌತಶಾಸ್ತ್ರ. ಜೀವಕೋಶ ಒಡೆದು ಎರಡಾಗುವಾಗ ಒಳಗೆ ಎಳೆಗಳು ಕಾಣುತ್ತವಲ್ಲ, ಅವು ಅಯಸ್ಕಾಂತದ ಸುತ್ತ ಕಬ್ಬಿಣದ ಪುಡಿ ಸಾಲುಗಟ್ಟಿದ ಹಾಗೆ ಅವರಿಗೆ ಕಂಡವು. ಹಾಗಾದರೆ ಕರೆಂಟ್ ಹರಿಸಿದರೆ ಕೋಶ ಒಡೆಯುವ ರೀತಿ ಬದಲಾಗುತ್ತಾ ನೋಡೋಣ ಅಂತ ಇ. ಕೋಲಿ ಬ್ಯಾಕ್ಟೀರಿಯ ತಗೊಂಡರು. ದ್ರಾವಣಕ್ಕೆ ಕರೆಂಟ್ ಹರಿಸುವ ಎಲೆಕ್ಟ್ರೋಡ್‌ಗೆ ಆರಿಸಿದ್ದು ಪ್ಲಾಟಿನಂ. ಸುಲಭಕ್ಕೆ ಯಾವುದರ ಜೊತೆಗೂ ಬೆರೆಯದ ಲೋಹ, ತನ್ನ ಪಾಡಿಗೆ ಸುಮ್ನೆ ಇರುತ್ತದೆ ಅನ್ನೋದು ಲೆಕ್ಕ. ಎಡವಟ್ಟಾಗಿದ್ದೇ ಅಲ್ಲಿ.

ಸ್ವಿಚ್ ಹಾಕಿದ ಮೇಲೆ ಬ್ಯಾಕ್ಟೀರಿಯಗಳು ಉದ್ದುದ್ದ ಬೆಳೆಯತೊಡಗಿದವು. ಕೆಲವು ಮಾಮೂಲಿಗಿಂತ 300 ಪಟ್ಟು ಉದ್ದ! ಆದರೆ ಒಡೆದು ಎರಡಾಗಲೇ ಇಲ್ಲ. ಇದು ಕರೆಂಟ್‌ನದೇ ಕೆಲಸ ಅಂತ ಬರೆದು ಕೈ ತೊಳೆದುಕೊಳ್ಳಬಹುದಿತ್ತು, ಅಲ್ವಾ? ಅವರ ತಂಡ ಹಾಗೆ ಬಿಡಲಿಲ್ಲ. ಒಂದೊಂದನ್ನೇ ಬದಲಿಸಿ ನೋಡುತ್ತಾ ಹೋದಾಗ ಕಳ್ಳ ಸಿಕ್ಕಿಬಿದ್ದ: ಎಲೆಕ್ಟ್ರೋಡ್‌ನಿಂದ ಚೂರೇ ಚೂರು ಪ್ಲಾಟಿನಂ ಕರಗಿ, ದ್ರಾವಣದಲ್ಲಿದ್ದ ಅಮೋನಿಯಂ ಕ್ಲೋರೈಡ್ ಜೊತೆ ಸೇರಿ ಬೇರೆಯದೇ ಸಂಯುಕ್ತಗಳಾಗಿದ್ದವು. ಕೋಶ ಒಡೆಯದಂತೆ ತಡೆದಿದ್ದು ಅವು. 1965ರಲ್ಲಿ ಇದು ಪ್ರಕಟವಾಯಿತು.

ತಮಾಷೆ ಅಂದರೆ, ಅವುಗಳಲ್ಲಿ ಮುಖ್ಯವಾದ ಸಿಸ್‌ಪ್ಲಾಟಿನ್ ಹೊಸದೇನಲ್ಲ. ಇಟಲಿಯ ರಸಾಯನಶಾಸ್ತ್ರಜ್ಞ ಮಿಕೆಲೆ ಪೆಯ್ರೋನೆ 1840ರ ದಶಕದಲ್ಲೇ ಅದನ್ನು ತಯಾರಿಸಿದ್ದರು. ನೂರಕ್ಕೂ ಜಾಸ್ತಿ ವರ್ಷ ಅದು ಔಷಧಿಯಾಗಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ.

ಕೋಶಗಳು ಒಡೆಯುವುದನ್ನೇ ನಿಲ್ಲಿಸುವ ವಸ್ತು ಅಂದಮೇಲೆ, ಕೋಶಗಳು ಹತೋಟಿ ಮೀರಿ ಒಡೆಯುತ್ತಾ ಹೋಗುವ ಕ್ಯಾನ್ಸರ್ ನೆನಪಾಗಲೇಬೇಕು. ಇದನ್ನು ಕೊಟ್ಟಾಗ ಇಲಿಗಳ ಕ್ಯಾನ್ಸರ್ ಗೆಡ್ಡೆ ಕುಗ್ಗಿದ್ದು 1969ರಲ್ಲಿ ವರದಿಯಾಯಿತು. ಸಿಸ್‌ಪ್ಲಾಟಿನ್ ಡಿಎನ್‌ಎಗೆ ಅಂಟಿಕೊಂಡು ಅದನ್ನು ಅಲ್ಲಲ್ಲಿ ಗಂಟುಹಾಕಿಬಿಡುತ್ತದೆ, ಆಮೇಲೆ ಕೋಶಕ್ಕೆ ಅದರ ನಕಲು ಮಾಡಿಕೊಳ್ಳೋಕೆ ಆಗುವುದಿಲ್ಲ. 1974ರಲ್ಲಿ ಇಂಡಿಯಾನಾದ ಡಾಕ್ಟರ್ ಲಾರೆನ್ಸ್ ಐನ್‌ಹಾರ್ನ್ ಇದನ್ನು ಬೇರೆ ಎರಡು ಔಷಧಿಗಳ ಜೊತೆ ವೃಷಣದ ಕ್ಯಾನ್ಸರ್‌ಗೆ ಕೊಟ್ಟು ನೋಡಿದರು. ಮೈಯೆಲ್ಲ ಹರಡಿದ್ದರೂ ಎಷ್ಟೋ ಜನ ಗುಣವಾದರು. 1978ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಸಾಧು ಔಷಧಿ ಅಂತೂ ಅಲ್ಲ. ವಾಂತಿ ಜೋರು, ಕಿವಿ ಮಂದವಾಗಬಹುದು. ಕಿಡ್ನಿಗೆ ಪೆಟ್ಟಾಗದಿರಲಿ ಅಂತ ಇವತ್ತಿಗೂ ಇದರ ಜೊತೆ ಸಲೈನ್ ಹರಿಸುತ್ತಾರೆ.