ಮೊದಲು ಅಂಕಿ ಎಲ್ಲಿಂದ ಬಂತು ಅಂತ ಕೇಳಿ

ಬುದ್ಧಿಮತ್ತೆ ಪರೀಕ್ಷೆ ಮಾಡಿ ವರದಿ ಬರೆಯುವುದು ನನ್ನ ಕೆಲಸ. ಹಾಗಾಗಿ ಜನಾಂಗ ಮತ್ತು ಐಕ್ಯೂ ಬಗ್ಗೆ ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ಹೊಸ ಜಗಳ ಎದ್ದಾಗಲೆಲ್ಲ ಯಾರಾದರೊಬ್ಬರು ವಿಡಿಯೋ ಕಳಿಸುತ್ತಾರೆ. "ಈ ಮನುಷ್ಯ ಜನಾಂಗದ್ವೇಷಿಯೋ, ಇಲ್ಲಾ ಧೈರ್ಯವಾಗಿ ನಿಜ ಹೇಳ್ತಿದ್ದಾನೋ?" ಅಂತ ಕೇಳುತ್ತಾರೆ. ಒಬ್ಬರ ಮನಸ್ಸಿನೊಳಗೆ ಏನಿದೆ ಅಂತ ಅಳೆಯುವ ಪರೀಕ್ಷೆ ನನ್ನ ಹತ್ತಿರ ಇಲ್ಲ. ಅವರು ಹೇಳಿದ ಅಂಕಿ ಎಲ್ಲಿಂದ ಬಂತು ಅಂತ ಬೇಕಾದರೆ ಹುಡುಕಿ ಹೇಳಬಹುದು. ವಿಡಿಯೋದಲ್ಲಿ ಸಾಮಾನ್ಯವಾಗಿ ಯಾರೂ ಕೇಳಿರದ ಪ್ರಶ್ನೆ ಅದೇ.

ವಿಲಿಯಂ ಶಾಕ್ಲಿಯ ಪ್ರಕರಣ ನೋಡಿ. ಟ್ರಾನ್ಸಿಸ್ಟರ್ ಕೆಲಸಕ್ಕಾಗಿ 1956ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡವರು. ಆಮೇಲೆ ಕಪ್ಪು ಜನರ ಬುದ್ಧಿಮಟ್ಟದ ಬಗ್ಗೆ ಊರೂರು ಭಾಷಣ ಶುರು ಮಾಡಿದರು. ಅವರದ್ದೊಂದು ಯೋಜನೆಯೂ ಇತ್ತು. ಐಕ್ಯೂ 100ಕ್ಕಿಂತ ಕಡಿಮೆ ಇರುವವರು ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡರೆ, ಕಡಿಮೆ ಇರುವ ಒಂದೊಂದು ಅಂಕಕ್ಕೂ 1000 ಡಾಲರ್ ಕೊಡಬೇಕು ಅಂತ. ಒಂದು ಪತ್ರಿಕೆ ಇದನ್ನು ನಾತ್ಸಿಗಳ ಪ್ರಯೋಗಕ್ಕೆ ಹೋಲಿಸಿತು. ಶಾಕ್ಲಿ ಮಾನನಷ್ಟ ಮೊಕದ್ದಮೆ ಹೂಡಿ 12.5 ಲಕ್ಷ ಡಾಲರ್ ಕೇಳಿದರು. 1984ರಲ್ಲಿ ಜ್ಯೂರಿ ಅವರ ಪರವಾಗಿ ತೀರ್ಪು ಕೊಟ್ಟಿತು. ಪರಿಹಾರ ಎಷ್ಟು ಗೊತ್ತಾ? 1 ಡಾಲರ್.

ಇದನ್ನು ಹೇಳಿ ಎಲ್ಲರೂ ನಗುತ್ತಾರೆ. ಆದರೆ ಇಡೀ ಜಗಳ ನಡೆದದ್ದು ಒಂದು ಬೈಗುಳದ ಸುತ್ತ. ಯೋಜನೆಯ ಲೆಕ್ಕಕ್ಕೆ ಯಾರ ಬಿಸಿಯೂ ತಟ್ಟಲಿಲ್ಲ. ನಾನು ವರದಿಯಲ್ಲಿ 97 ಅಂತ ಬರೆದರೆ ಪಕ್ಕದಲ್ಲೇ 'ಸುಮಾರು 92ರಿಂದ 102ರ ನಡುವೆ' ಅಂತಲೂ ಬರೆಯಬೇಕು. ಅದೇ ವ್ಯಕ್ತಿಗೆ ಬೇರೊಂದು ದಿನ ಪರೀಕ್ಷೆ ಮಾಡಿದರೆ 101 ಬಂದರೂ ಆಶ್ಚರ್ಯವಿಲ್ಲ. ಅಂಥ ಅಂಕಕ್ಕೆ ಒಂದೊಂದಾಗಿ ಬೆಲೆ ಕಟ್ಟಿ ಆಪರೇಷನ್ ಟೇಬಲ್ಲಿಗೆ ಕಳಿಸುವುದಾ? ಇನ್ನೊಂದು ವಿಷಯ. 100 ಅನ್ನುವುದು ಪ್ರಕೃತಿ ಕೊಟ್ಟ ಗೆರೆ ಅಲ್ಲ. ಒಂದು ದೇಶದಲ್ಲಿ, ಒಂದು ಕಾಲದಲ್ಲಿ ಆರಿಸಿದ ಜನರ ಸರಾಸರಿಗೆ ನಾವೇ ಕೊಟ್ಟ ಹೆಸರು. ನ್ಯೂಜಿಲೆಂಡಿನ ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ತೋರಿಸಿದಂತೆ, 20ನೇ ಶತಮಾನದಲ್ಲಿ ಹಲವು ದೇಶಗಳ ಸರಾಸರಿ ಹತ್ತು ವರ್ಷಕ್ಕೆ ಸುಮಾರು 3 ಅಂಕದಷ್ಟು ಏರುತ್ತಲೇ ಹೋಗಿದೆ. ಅಷ್ಟು ಬೇಗ ಜೀನ್ ಬದಲಾಗುವುದಿಲ್ಲ.

ಮನಸ್ಸನ್ನು ಬಿಟ್ಟು ಅಂಕಿಯನ್ನು ಹಿಡಿದರೆ ಏನಾಗುತ್ತದೆ ಅನ್ನುವುದಕ್ಕೆ ಸಿರಿಲ್ ಬರ್ಟ್ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಬರ್ಟ್ ಬ್ರಿಟನ್ನಿನ ದೊಡ್ಡ ಮನಶ್ಶಾಸ್ತ್ರಜ್ಞ, ಸರ್ ಪದವಿ ಬೇರೆ. ತದ್ರೂಪಿ ಅವಳಿಗಳ ಜೀನ್ ಒಂದೇ; ಹಾಗಾಗಿ ಬೇರೆಬೇರೆ ಮನೆಗಳಲ್ಲಿ ಬೆಳೆದ ಅಂಥ ಅವಳಿಗಳ ಐಕ್ಯೂ ಎಷ್ಟು ತಾಳೆಯಾಗುತ್ತದೆ ಅಂತ ಅವರು ಲೆಕ್ಕ ಕೊಟ್ಟಿದ್ದರು. 1955ರಲ್ಲಿ 21 ಜೋಡಿ ಅವಳಿಗಳು, ಸಹಸಂಬಂಧ (ಪೂರ್ತಿ ತಾಳೆಯಾದರೆ ಇದು 1) 0.771. 1966ರ ಹೊತ್ತಿಗೆ 53 ಜೋಡಿ. ಸಹಸಂಬಂಧ ಆಗಲೂ 0.771. ಎರಡೂವರೆ ಪಟ್ಟು ಜನ ಹೆಚ್ಚಾದ ಮೇಲೂ ಮೂರನೇ ದಶಮಾಂಶದವರೆಗೆ ಕದಲದ ಅಂಕಿ! ಮನುಷ್ಯರನ್ನು ಅಳೆದ ಯಾರಿಗಾದರೂ ಇದು ನೋಡಿದ ಕೂಡಲೇ ಕಣ್ಣಿಗೆ ಚುಚ್ಚಬೇಕು. ಆದರೂ ವರ್ಷಗಟ್ಟಲೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 1974ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಕಾಮಿನ್ ಇದನ್ನು ಎತ್ತಿ ತೋರಿಸಿದಾಗ ಬರ್ಟ್ ತೀರಿಕೊಂಡು ಮೂರು ವರ್ಷವಾಗಿತ್ತು.

ಬರ್ಟ್ ಮೋಸ ಮಾಡಿದರಾ, ಬರೀ ಉದಾಸೀನವಾ ಅನ್ನುವ ವಾದ ಇವತ್ತಿಗೂ ಮುಗಿದಿಲ್ಲ. ಅವರ ಪರವಾಗಿಯೂ ಪುಸ್ತಕಗಳು ಬಂದಿವೆ. ಆದರೆ ಆ ವಾದ ಮುಗಿಯುವವರೆಗೆ ಕಾಯುವ ಅಗತ್ಯ ಬೀಳಲಿಲ್ಲ ನೋಡಿ. ಅಂಕಿ ಬಿದ್ದುಹೋಯಿತು. ಅದನ್ನು ಕೈಬಿಟ್ಟವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ ಕೂಡ ಒಬ್ಬರು. 1969ರಲ್ಲಿ ಬಡ ಮಕ್ಕಳ ವಿಶೇಷ ಶಿಕ್ಷಣ ಯೋಜನೆಗಳು ಸೋತಿವೆ ಅಂತ ಬರೆದು, ಕಪ್ಪು ಮತ್ತು ಬಿಳಿಯರ ಐಕ್ಯೂ ಅಂತರದಲ್ಲಿ ಜೀನಿನ ಕೈವಾಡ ಇರಬಹುದು ಅಂದು ಭಾರಿ ಗದ್ದಲ ಎಬ್ಬಿಸಿದ ಜೆನ್ಸನ್. ಆ ಲೇಖನದಲ್ಲಿ ಬರ್ಟ್ ಅಂಕಿಗಳನ್ನು ಧಾರಾಳವಾಗಿ ಬಳಸಿದ್ದರು. 1974ರಲ್ಲಿ ಅವರೇ ಕೂತು ಪರಿಶೀಲಿಸಿ, ಈ ಅಂಕಿಗಳು ಪ್ರಯೋಜನಕ್ಕಿಲ್ಲ ಅಂತ ಬರೆದರು. ತಮ್ಮ ಒಟ್ಟು ವಾದವನ್ನೇನೂ ಬಿಡಲಿಲ್ಲ. ಆದರೂ ಆ ಒಂದು ಕೆಲಸಕ್ಕೆ ಅವರಿಗೆ ಸಲ್ಲಬೇಕಾದ ಮನ್ನಣೆ ಸಲ್ಲಬೇಕು.

ಅಂಕಿ ಸರಿ ಇದ್ದಾಗ ಜಾರುವ ಜಾಗ ಬೇರೆ. ವೇದಿಕೆ ಮೇಲೆ ಅದು ಹೀಗೆ ನಡೆಯುತ್ತದೆ. ಮೊದಲ ಮಾತು: ಒಂದು ಸಮುದಾಯದೊಳಗೆ ಜನರ ನಡುವೆ ಕಾಣುವ ಐಕ್ಯೂ ವ್ಯತ್ಯಾಸದಲ್ಲಿ ಆನುವಂಶಿಕತೆಯ ಪಾಲು ಸಾಕಷ್ಟಿದೆ. ಹೆಚ್ಚಿನ ಸಂಶೋಧಕರು ಒಪ್ಪುತ್ತಾರೆ. ಎರಡನೇ ಮಾತು: ಅಮೆರಿಕದಲ್ಲಿ ಗುಂಪುಗಳ ಸರಾಸರಿ ಅಂಕದಲ್ಲಿ ಅಂತರ ಕಂಡಿದೆ. ಅದೂ ದಾಖಲಾಗಿದೆ. ಹಾಗಾದರೆ ಗುಂಪುಗಳ ಅಂತರಕ್ಕೂ ಜೀನೇ ಕಾರಣ ಅನ್ನುವ ಮೂರನೇ ಮಾತು ಹೇಳುವುದೇ ಇಲ್ಲ. ಕೇಳುವವರೇ ಎರಡನ್ನೂ ಜೋಡಿಸಿಕೊಳ್ಳುತ್ತಾರೆ. ಆಮೇಲೆ ಕೇಳಿದರೆ "ನಾನು ಹಾಗೆ ಹೇಳಲೇ ಇಲ್ಲವಲ್ಲ" ಅನ್ನುವ ಉತ್ತರ ರೆಡಿ ಇರುತ್ತದೆ.

ಈ ಜೋಡಣೆ ಯಾಕೆ ತಪ್ಪು ಅನ್ನುವುದನ್ನು ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ 1970ರಲ್ಲೇ ಬಿಡಿಸಿ ಹೇಳಿದ್ದರು. ಒಂದೇ ಚೀಲದ ಬೀಜವನ್ನು ಎರಡು ಪಾತಿಗೆ ಹಾಕಿ. ಒಂದಕ್ಕೆ ಪೂರ್ತಿ ಪೋಷಕಾಂಶ, ಇನ್ನೊಂದಕ್ಕೆ ಅರೆಬರೆ. ಒಂದೇ ಪಾತಿಯೊಳಗೆ ಗಿಡದಿಂದ ಗಿಡಕ್ಕೆ ಇರುವ ಎತ್ತರದ ವ್ಯತ್ಯಾಸ ಪೂರ್ತಿ ಬೀಜದ್ದು. ಎರಡು ಪಾತಿಗಳ ನಡುವಿನ ಅಂತರ ಪೂರ್ತಿ ಗೊಬ್ಬರದ್ದು. ಒಳಗಿನ ಅಂಕಿಯಿಂದ ನಡುವಿನ ಕಾರಣ ಗೊತ್ತಾಗುವುದಿಲ್ಲ, ಅಷ್ಟೇ.

1994ರಲ್ಲಿ ರಿಚರ್ಡ್ ಹರ್ನ್‌ಸ್ಟೀನ್ ಮತ್ತು ಚಾರ್ಲ್ಸ್ ಮರ್ರೆ ಬುದ್ಧಿಮತ್ತೆ ಬಗ್ಗೆ ಬರೆದ 'ದ ಬೆಲ್ ಕರ್ವ್' ಪುಸ್ತಕ ಈ ಜಾಗದಲ್ಲಿ ಬಹಳ ಹುಷಾರಾಗಿ ನಡೆಯುತ್ತದೆ. ಗುಂಪುಗಳ ಅಂತರದಲ್ಲಿ ಜೀನೂ ಪರಿಸರವೂ ಎರಡೂ ಇರುವ ಸಾಧ್ಯತೆ ಬಹಳ, ಯಾವುದರ ಪಾಲು ಎಷ್ಟು ಅನ್ನುವುದರಲ್ಲಿ ತಾವು ತಟಸ್ಥರು ಅಂತ ಲೇಖಕರು ಹೇಳುತ್ತಾರೆ. ಸರಿ. ಎರಡೂ ಇರುವ ಸಾಧ್ಯತೆ ಬಹಳ ಅನ್ನುವುದಕ್ಕೆ ನೇರ ಪುರಾವೆ ಯಾವುದು? ಕೇಳಬೇಕಾದ್ದು ಅದು. ಅಮೆರಿಕದ ಮನಶ್ಶಾಸ್ತ್ರ ಸಂಘ ಉಲ್ರಿಕ್ ನೈಸರ್ ನೇತೃತ್ವದಲ್ಲಿ ಸಮಿತಿ ಮಾಡಿತು. ಆ ಅಂತರಕ್ಕೆ ಕಾರಣ ಏನು ಅಂತ ಸದ್ಯ ಯಾರಿಗೂ ಗೊತ್ತಿಲ್ಲ, ಜೀನ್ ಕಾರಣ ಅನ್ನುವುದಕ್ಕಂತೂ ನೇರ ಆಧಾರ ಇಲ್ಲವೇ ಇಲ್ಲ ಅಂತ ಅದರ ವರದಿ ಹೇಳಿತು. ಅದೇ ಪುಸ್ತಕ, ಮಕ್ಕಳು ಹೆರುವ ಬಡ ಹೆಂಗಸರಿಗೆ ಸರ್ಕಾರ ಕೊಡುವ ನೆರವು ನಿಲ್ಲಬೇಕು ಅಂತಲೂ ವಾದಿಸುತ್ತದೆ. ಆ ಸಲಹೆ ಎಲ್ಲ ಬಣ್ಣದ ಬಡವರ ಬಗ್ಗೆ, ನಿಜ. ಆದರೆ ಅಷ್ಟು ತಟಸ್ಥರಾದವರು ನೀತಿಯ ವಿಷಯ ಬಂದಾಗ ಅಷ್ಟು ಖಚಿತವಾಗಿ ಮಾತಾಡಿದ್ದು ಹೇಗೆ ಅಂತ ಕೇಳುವ ಹಕ್ಕು ಓದುಗರಿಗೆ ಇದೆ.

ಈ ಪ್ರಶ್ನೆ ಕೇಳುವ ಅವಕಾಶ 2017ರ ಮಾರ್ಚ್‌ನಲ್ಲಿ ಅಮೆರಿಕದ ಮಿಡಲ್‌ಬರಿ ಕಾಲೇಜಿನಲ್ಲಿ ಇತ್ತು. ವಿದ್ಯಾರ್ಥಿಗಳು ಕೂಗು ಹಾಕಿ ಮರ್ರೆಗೆ ಮಾತಾಡಲು ಬಿಡಲಿಲ್ಲ. ಬೇರೆ ಕೋಣೆಯಿಂದ ನೇರ ಪ್ರಸಾರ ಮಾಡಲು ಹೋದರೆ ಬೆಂಕಿ ಎಚ್ಚರಿಕೆಯ ಗಂಟೆ ಬಾರಿಸಿದರು. ಹೊರಗೆ ಬರುವಾಗ ನಡೆದ ತಳ್ಳಾಟದಲ್ಲಿ ಗಾಯಗೊಂಡವರು, ಅವರಿಗೆ ಕಠಿಣ ಪ್ರಶ್ನೆ ಕೇಳಲೆಂದೇ ಸಿದ್ಧವಾಗಿ ಬಂದಿದ್ದ ಪ್ರಾಧ್ಯಾಪಕಿ. ಕೆಲವೇ ವಾರಗಳಲ್ಲಿ ಒಬ್ಬ ಜನಪ್ರಿಯ ಪಾಡ್‌ಕಾಸ್ಟ್ ನಿರೂಪಕರು ಮರ್ರೆಯನ್ನು ಕರೆಸಿ, ಬಾಯಿ ಮುಚ್ಚಿಸಲ್ಪಟ್ಟ ವಿಜ್ಞಾನದ ವಕ್ತಾರ ಅನ್ನುವಂತೆ ಸುದೀರ್ಘವಾಗಿ ಮಾತಾಡಿಸಿದರು. ಅದಕ್ಕೆ ಮೂವರು ಮನಶ್ಶಾಸ್ತ್ರಜ್ಞರು ಸೇರಿ ಉತ್ತರ ಬರೆದರು. ಐಕ್ಯೂಗೆ ಅರ್ಥವಿದೆ, ಆನುವಂಶಿಕತೆಯ ಪಾಲೂ ಇದೆ ಅಂತ ಒಪ್ಪಿಕೊಂಡೇ ಶುರು ಮಾಡಿ, ಜಾರಿದ್ದು ಎಲ್ಲಿ ಅಂತ ಬೆರಳಿಟ್ಟು ತೋರಿಸಿದರು. ಇಡೀ ಪ್ರಸಂಗದಲ್ಲಿ ನನಗೆ ಕೆಲಸ ಅನ್ನಿಸಿದ್ದು ಅದೊಂದೇ.

ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ರಿಚರ್ಡ್ ಲಿನ್ ಅವರ 'ದೇಶವಾರು ಐಕ್ಯೂ' ನಕ್ಷೆ ನೀವೂ ನೋಡಿರುತ್ತೀರಿ, ಅಲ್ವಾ? 2002ರಲ್ಲಿ ಅವರು ಮತ್ತು ತಾತು ವಾನ್‌ಹಾನೆನ್ 185 ದೇಶಗಳಿಗೆ ಅಂಕ ಕೊಟ್ಟರು. ಪರೀಕ್ಷೆಯ ದತ್ತಾಂಶ ಇದ್ದದ್ದು 81 ದೇಶಗಳಿಗೆ ಮಾತ್ರ. ಮಿಕ್ಕ 104ಕ್ಕೆ ಅಕ್ಕಪಕ್ಕದ ದೇಶ ನೋಡಿ ಅಂದಾಜು. 2018ರಲ್ಲಿ ಅಲ್ಸ್ಟರ್ ವಿಶ್ವವಿದ್ಯಾಲಯ ಲಿನ್ ಅವರಿಗೆ ನಿವೃತ್ತಿಯ ಮೇಲೆ ಕೊಟ್ಟಿದ್ದ ಗೌರವ ಪ್ರಾಧ್ಯಾಪಕ (ಎಮೆರಿಟಸ್) ಬಿರುದನ್ನು ವಾಪಸ್ ಪಡೆಯಿತು. ಸುದ್ದಿಯಾದದ್ದು ಅದು. ನನ್ನ ಲೆಕ್ಕದಲ್ಲಿ ಹೆಚ್ಚು ತೂಕದ್ದು 2020ರಲ್ಲಿ ಆದದ್ದು. ಇಂಥ ದೇಶವಾರು ಅಂಕಗಳ ಮೇಲೆ ನಿಂತಿದ್ದ ಒಂದು ಪ್ರಬಂಧವನ್ನು, ದತ್ತಾಂಶ ನಂಬುವಂತಿಲ್ಲ ಅಂತ ಅದರ ಲೇಖಕರೇ ಕೇಳಿಕೊಂಡು ಹಿಂಪಡೆದರು.

ಕ್ಷಮೆ ಕೇಳಿಸಿದರೂ ಹೆಚ್ಚೇನೂ ಆಗುವುದಿಲ್ಲ. ಡಿಎನ್‌ಎ ಖ್ಯಾತಿಯ ಜೇಮ್ಸ್ ವಾಟ್ಸನ್ 2007ರಲ್ಲಿ ಆಫ್ರಿಕದವರ ಬುದ್ಧಿಯ ಬಗ್ಗೆ ಆಡಿದ ಮಾತಿಗೆ ಕ್ಷಮೆ ಕೇಳಿದರು, ಹುದ್ದೆಯನ್ನೂ ಬಿಟ್ಟರು. 2019ರಲ್ಲಿ ಒಂದು ಸಾಕ್ಷ್ಯಚಿತ್ರದಲ್ಲಿ ಮತ್ತೆ ಕೇಳಿದಾಗ ಅಭಿಪ್ರಾಯ ಬದಲಾಗಿಲ್ಲ ಅಂದರು. ಅವರ ಸಂಸ್ಥೆ ಉಳಿದ ಗೌರವಗಳನ್ನೂ ಕಿತ್ತುಕೊಂಡಿತು. ಈ ಹನ್ನೆರಡು ವರ್ಷದಲ್ಲಿ ವಿಷಯ ಒಂದಿಂಚೂ ಮುಂದೆ ಹೋಗಲಿಲ್ಲ.

ಇದಕ್ಕೆ ಪೂರಾ ಉಲ್ಟಾ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗಮ್. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಲಕ್ಷಗಟ್ಟಲೆ ಜನರಿಗೆ ಮಾಡಿದ ಪರೀಕ್ಷೆಗಳನ್ನು ಹಿಡಿದು, ಉತ್ತರ ಯುರೋಪಿನವರೇ ಮೇಲು ಅಂತ 1923ರಲ್ಲಿ ಪುಸ್ತಕ ಬರೆದವರು. ಆ ಪರೀಕ್ಷೆಯಲ್ಲಿ ಅಮೆರಿಕದ ಅಡುಗೆ ಕೊಬ್ಬಿನ ಬ್ರಾಂಡ್ ಯಾವ ಬಗೆಯ ವಸ್ತು ಅಂತೆಲ್ಲ ಪ್ರಶ್ನೆ ಇತ್ತು! ವಲಸೆ ಬಂದು ಜಾಸ್ತಿ ವರ್ಷ ಆದವರಿಗೆ ಜಾಸ್ತಿ ಅಂಕ ಬಂದಿತ್ತು. ಅದಕ್ಕೂ ಜನಾಂಗವನ್ನೇ ಕಾರಣ ಮಾಡಿದ್ದರು. 1930ರಲ್ಲಿ ಬ್ರಿಗಮ್, ಇಂಥ ಪರೀಕ್ಷೆಗಳಿಂದ ಗುಂಪುಗಳನ್ನು ಹೋಲಿಸುವಂತಿಲ್ಲ, ತನ್ನ ಅಧ್ಯಯನಕ್ಕೇ ಬುಡವಿಲ್ಲ ಅಂತ ಅಚ್ಚಿನಲ್ಲಿ ಹೇಳಿದರು. ಅಷ್ಟರಲ್ಲಿ, ಯಾವ ದೇಶದಿಂದ ಎಷ್ಟು ಜನ ಬರಬಹುದು ಅಂತ ಮಿತಿ ಹಾಕಿದ 1924ರ ವಲಸೆ ಕಾನೂನು ಬಂದಾಗಿತ್ತು. ಆ ಕಾನೂನಿಗೆ ಪುಸ್ತಕ ಎಷ್ಟು ಕಾರಣ ಅನ್ನುವುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ದೇಶವಾರು ಕೋಟಾ ಮಾತ್ರ 1965ರವರೆಗೆ ನಡೆಯಿತು.

ಟೀಕಾಕಾರರಿಗೂ ಇದೇ ನಿಯಮ. ಜನಾಂಗಗಳನ್ನು ಹೋಲಿಸಲು ಮಾಡಿದ ಹಳೆಯ ತಲೆಬುರುಡೆ ಅಳತೆಗಳಲ್ಲಿ ಪೂರ್ವಗ್ರಹ ಇತ್ತು ಅಂತ ಅಮೆರಿಕದ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ 1981ರಲ್ಲಿ ಬರೆದದ್ದನ್ನು 2011ರಲ್ಲಿ ಒಂದು ತಂಡ ಬುರುಡೆಗಳನ್ನೇ ಮತ್ತೆ ಅಳೆದು ಪ್ರಶ್ನಿಸಿತು. ಆಮೇಲೆ ಆ ತಂಡವನ್ನೂ ಬೇರೆಯವರು ಪ್ರಶ್ನಿಸಿದರು. ಇರಲಿ, ಅಳತೆಯಾದರೂ ನಡೆಯಿತು.

ಇಂಥವರನ್ನು ಮಾತಿಗೆ ಕರೆಯುವ ನಿರೂಪಕರಿಗೆ ನನ್ನ ಕೋರಿಕೆ ಸಣ್ಣದು. ಅತಿಥಿ ಯಾವ ಪ್ರಬಂಧದ ಮೇಲೆ ಮಾತಾಡುತ್ತಾರೋ ಅದನ್ನು ಮೊದಲೇ ತರಿಸಿಕೊಳ್ಳಿ. ಅಳತೆಯ ಕೆಲಸ ಗೊತ್ತಿರುವ ಒಬ್ಬರಿಗೆ ಓದಲು ಕೊಡಿ. ಕ್ಯಾಮೆರಾ ಆನ್ ಆದ ಮೇಲೆ ಎಷ್ಟು ಜನರನ್ನು ಪರೀಕ್ಷಿಸಿದರು, ಅವರನ್ನು ಎಲ್ಲಿಂದ ಆರಿಸಿದರು, ಹಣ ಯಾರು ಕೊಟ್ಟರು ಕೇಳಿ. ಈ ವಿಷಯದಲ್ಲಿ ಇದುವರೆಗೆ ಯಾವ ಮಾತು ಹಿಂತೆಗೆದುಕೊಂಡಿದ್ದೀರಿ ಅಂತಲೂ ಕೇಳಿ. ಹೇಳಿದ್ದು ತಪ್ಪು ಅಂತ ಆಮೇಲೆ ಗೊತ್ತಾದರೆ ತಿದ್ದುಪಡಿಯನ್ನು ಅದೇ ಕಾರ್ಯಕ್ರಮದಲ್ಲಿ, ಶುರುವಿನಲ್ಲೇ ಹಾಕಿ.