2⁶⁷ − 1: ಅಪವರ್ತನ ಎಲ್ಲಿ ಹುಡುಕಬೇಕು?

147573952589676412927. ಒಟ್ಟು 21 ಅಂಕಿ. ಇದು 2⁶⁷ − 1. ಇಂಥ ಸಂಖ್ಯೆ ಕಂಡ ತಕ್ಷಣ ನಮ್ಮಲ್ಲಿ ಸುಮಾರು ಜನ 3, 7, 11, 13 ಅಂತ ಸಾಲಾಗಿ ಭಾಗಿಸೋಕೆ ಕೂತುಬಿಡುತ್ತೇವೆ. ಅಷ್ಟು ಕಷ್ಟ ಬೇಡ. 1609ಕ್ಕಿಂತ ಚಿಕ್ಕ ಯಾವ ಅವಿಭಾಜ್ಯ ಸಂಖ್ಯೆಯೂ ಇದನ್ನು ಭಾಗಿಸುವುದಿಲ್ಲ ಅಂತ ಒಂದೂ ಭಾಗಾಕಾರ ಮಾಡದೆ ಹೇಳಬಹುದು.

ಸುಲಭದ್ದು ಮೊದಲು. ಕೊನೆಯ ಅಂಕಿ 7, ಹಾಗಾಗಿ 2 ಮತ್ತು 5 ಹೋದವು. ಅಂಕಿಗಳ ಮೊತ್ತ 109, ಹಾಗಾಗಿ 3 ಕೂಡ ಹೋಯಿತು.

ಈಗ ನಿಜವಾದ ವಿಷಯ. ‘ಅ’ ಎಂಬ ಅವಿಭಾಜ್ಯ ಇದನ್ನು ಭಾಗಿಸುತ್ತದೆ ಅಂದುಕೊಳ್ಳಿ. ಆಗ 2⁶⁷ನ್ನು ‘ಅ’ದಿಂದ ಭಾಗಿಸಿದರೆ ಶೇಷ 1. ಶೇಷ 1 ಮೊದಲು ಬರುವ ಘಾತ 67ನ್ನು ಭಾಗಿಸಲೇಬೇಕು, 67 ಅವಿಭಾಜ್ಯ. ಆದ್ದರಿಂದ 2ರ ಘಾತಗಳಲ್ಲಿ ಶೇಷ 1 ಮೊದಲ ಸಲ ಬರುವುದು 67ನೇ ಘಾತದಲ್ಲೇ. ಆಮೇಲೆ 67ರ ಗುಣಕಗಳಲ್ಲಿ ಮಾತ್ರ. ಇತ್ತ ಫರ್ಮಾನ ಚಿಕ್ಕ ಪ್ರಮೇಯದ ಪ್ರಕಾರ ‘ಅ − 1’ನೇ ಘಾತದಲ್ಲೂ ಶೇಷ 1 ಬರಲೇಬೇಕು. ಅಂದರೆ ‘ಅ − 1’ ಎಂಬುದು 67ರ ಗುಣಕ. ಅದು ಸಮಸಂಖ್ಯೆ ಕೂಡ ಅಲ್ವಾ? ಹಾಗಾದರೆ 134ರ ಗುಣಕ. ‘ಅ’ ಯಾವಾಗಲೂ 134×ಕ + 1 ರೂಪದಲ್ಲೇ ಇರಬೇಕು (‘ಕ’ ಅಂದರೆ 1, 2, 3, ...).

ಇನ್ನೊಂದು ಜರಡಿ ಇದೆ. 2⁶⁸ನ್ನು ‘ಅ’ದಿಂದ ಭಾಗಿಸಿದರೆ ಶೇಷ 2. ಆದರೆ 2⁶⁸ ಎಂದರೆ 2³⁴ರ ವರ್ಗ. ಹೀಗೆ 2 ಒಂದು ವರ್ಗದ ಶೇಷವಾಗುವುದು ‘ಅ’ವನ್ನು 8ರಿಂದ ಭಾಗಿಸಿದಾಗ 1 ಅಥವಾ 7 ಉಳಿದರೆ ಮಾತ್ರ. (ಇದರ ಸಾಧನೆ ಉದ್ದ, ಸದ್ಯಕ್ಕೆ ನಂಬಿಕೊಳ್ಳಿ.)

ಪಟ್ಟಿ ಬರೆಯಿರಿ: 135, 269, 403, 537, 671, ... 269 ಅವಿಭಾಜ್ಯವೇ, ಆದರೆ 8ರಿಂದ ಭಾಗಿಸಿದರೆ 5 ಉಳಿಯುತ್ತದೆ. ಹೊಡೆದುಹಾಕಿ. 671 ಎಂದರೆ 11×61, ಅದೂ ಬೇಡ. ಹೀಗೆ ಸೋಸುತ್ತಾ ಹೋದರೆ ಉಳಿಯುವ ಮೊದಲ ಅವಿಭಾಜ್ಯ 1609.

1609 ಭಾಗಿಸುತ್ತದೆಯೇ? 21 ಅಂಕಿಯ ಸಂಖ್ಯೆಯನ್ನು ಮುಟ್ಟಲೇಬೇಡಿ, ಶೇಷಗಳನ್ನೇ ಗುಣಿಸಿ. 2¹¹ = 2048, ಶೇಷ 439. ಅದರ ವರ್ಗದಿಂದ 2²²ರ ಶೇಷ 1250. 1250×439 ಮಾಡಿದರೆ 2³³ರ ಶೇಷ 81. ಅದರ ವರ್ಗ 6561, ಆದ್ದರಿಂದ 2⁶⁶ರ ಶೇಷ 125. ಕೊನೆಗೆ 2⁶⁷ರ ಶೇಷ 250. 1 ಬರಲಿಲ್ಲ, 1609 ಕೂಡ ಔಟ್. ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿ ಕ್ಯಾಂಪಸ್ಸಿನಿಂದ ಬಸ್ಸು ದಾವಣಗೆರೆ ಊರೊಳಗೆ ಬರುವಷ್ಟರಲ್ಲಿ ನೋಟ್‌ಬುಕ್ಕಿನ ಅರ್ಧ ಪುಟದಲ್ಲಿ ಮುಗಿಯುವ ಲೆಕ್ಕ ಇದು.

1644ರಲ್ಲಿ ಫ್ರಾನ್ಸಿನ ಗಣಿತಜ್ಞ ಮರ್ಸೆನ್ 2⁶⁷ − 1ನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದ. 1876ರಲ್ಲಿ ಫ್ರಾನ್ಸಿನವನೇ ಆದ ಗಣಿತಜ್ಞ ಲೂಕಾ ಇದು ಸಂಯುಕ್ತ, ಅಂದರೆ ಅವಿಭಾಜ್ಯ ಅಲ್ಲ, ಅಂತ ಸಾಧಿಸಿದ, ಒಂದೂ ಅಪವರ್ತನ ಸಿಗದೆಯೇ! ಅವನ ದಾರಿಯ ಈಗಿನ ರೂಪ ಲೂಕಾ–ಲೆಹ್ಮರ್ ಪರೀಕ್ಷೆ: 4ರಿಂದ ಶುರು ಮಾಡಿ, ವರ್ಗ ಮಾಡಿ 2 ಕಳೆಯಿರಿ, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಘಾತಕ್ಕಿಂತ 2 ಕಡಿಮೆ ಸಲ ಹೀಗೆ ಮಾಡಬೇಕು. 2⁵ − 1 = 31ಕ್ಕೆ ಇದನ್ನು 3 ಸಲ ಮಾಡಿದರೆ 4, 14, 8, 0. ಸೊನ್ನೆ ಬಂತು, 31 ಅವಿಭಾಜ್ಯ. ನಮ್ಮ ಸಂಖ್ಯೆಗೆ 65 ಸಲ ಮಾಡಬೇಕು, ಸೊನ್ನೆ ಬರುವುದಿಲ್ಲ. ಸಂಯುಕ್ತ ಅಂತ ತಿಳಿಯುವುದೇ ಬೇರೆ, ಒಡೆಯುವುದೇ ಬೇರೆ. ಪರೀಕ್ಷೆ ಬರೆಯುವಾಗ ಇವೆರಡನ್ನೂ ಕಲಸುವವರು ಜಾಸ್ತಿ.

ಒಡೆದದ್ದು 1903ರಲ್ಲಿ. ನ್ಯೂಯಾರ್ಕಿನಲ್ಲಿ ನಡೆದ ಗಣಿತಜ್ಞರ ಸಭೆಯಲ್ಲಿ ಅಮೆರಿಕದ ಗಣಿತಜ್ಞ ಕೋಲ್ ಒಂದು ಮಾತೂ ಆಡದೆ ಬೋರ್ಡಿನ ಮೇಲೆ ಗುಣಿಸಿ ತೋರಿಸಿದ ಅಂತ ಹೇಳುತ್ತಾರೆ: 193707721 × 761838257287. ಎರಡೂ ಅವಿಭಾಜ್ಯ, ಹಾಗಾಗಿ ಒಟ್ಟು ಭಾಜಕಗಳು 4 ಮಾತ್ರ. ನಮ್ಮ ಜರಡಿಗೆ ಹಾಕಿ ನೋಡಿ: 193707721 = 134×1445580 + 1, 8ರಿಂದ ಶೇಷ 1. ಇನ್ನೊಂದರದು 7. ಆದರೆ 1445580 ಅನ್ನುವ ಆ ‘ಕ’ ನೋಡಿ! ಎರಡು ಜರಡಿ ಹಾಕಿದ ಮೇಲೂ ಅಲ್ಲಿಯವರೆಗೆ 7,22,790 ಸಂಖ್ಯೆ ಉಳಿಯುತ್ತವೆ. ಕೋಲ್ ಸುಮ್ನೆ ಸಾಲಾಗಿ ಭಾಗಿಸುತ್ತಾ ಕೂತಿರಲಿಲ್ಲ.

ನಿಮಗೆ ಅಭ್ಯಾಸಕ್ಕೆ 2²⁹ − 1. ಇಲ್ಲಿ ಪಟ್ಟಿ 58×ಕ + 1. ಸೋಸಿದ ಮೇಲೆ ಉಳಿಯುವ ಮೊದಲ ಅವಿಭಾಜ್ಯವೇ ಭಾಗಿಸುತ್ತದೆ.